ಮನೆಮಾತು

ಅಮ್ಮ ಕಣ್ಣು ಒಣಗಿಸ್ಕೋತಿದ್ಲು ಎಂದು ಪರದೆಯ ಮೇಲಿದೆ, ಟೈಪು ತಪ್ಪಿರಬೇಕು, ಕಣ್ಣು ಒರೆಸ್ಕೋತಿದ್ಲು ಅಂತಿರಬೇಕು, ಎಂದು ತಿದ್ದಲು ಹೋದ ಅವನ ಬೆರಳು ಅಲ್ಲೇ ನಿಂತಿತು — ತಪ್ಪಲ್ಲ, ಮಧ್ಯಾಹ್ನದ ನಿದ್ದೆಗೆ ಅಮ್ಮ ಇಟ್ಟ ಹೆಸರು ಅದು, ಸ್ವಲ್ಪ ಕಣ್ಣು ಒಣಗಿಸ್ಕೋತೀನಿ, ಗಲಾಟೆ ಮಾಡ್ಬೇಡ್ರೋ, ಲೋಕದಲ್ಲಿ ಇನ್ಯಾರೂ ಹಾಗನ್ನುವುದಿಲ್ಲ, ಅಮ್ಮ ಹೋದ ಮೇಲೆ ಉಳಿದವರು ಅವನು, ಅಣ್ಣ, ಅಕ್ಕ, ಹಾಗಾದರೆ ಈ ನಲವತ್ತೊಂದನೆಯವಳು ಅಕ್ಕ. ಹಾಸಿಗೆ ಹಿಡಿದವರನ್ನು ಮನೆಯಲ್ಲಿ ನೋಡಿಕೊಂಡವರ, ಬರೀ ಸಂಖ್ಯೆ ಹೊತ್ತ ನಲವತ್ತೆಂಟು ಸಂದರ್ಶನಗಳು, ಪ್ರೊಫೆಸರ್ ಮೇಡಂ ಅವರ ಲೇಖನದ ಜೊತೆಗೆ ಐದು ಗಂಟೆಯೊಳಗೆ ಎಲ್ಲರೂ ಓದುವಂತೆ ಜಾಲತಾಣಕ್ಕೆ ಏರಿಸಬೇಕು, ಮುಚ್ಚಿಟ್ಟ ದತ್ತಾಂಶ ಬೀರುವಿನಲ್ಲಿಟ್ಟ ಔಷಧಿ ಇದ್ದಂಗೆ ಕಣ್ರೀ, ಯಾರ ಕಾಯಿಲೆಗೂ ಆಗಲ್ಲ, ಎನ್ನುತ್ತಾರೆ ಮೇಡಂ, ನಿಜವೇ, ಗುರುತು ಅಳಿಸುವುದಷ್ಟೇ ಅವನ ಕೆಲಸ, ಮಾತಿನ ನಡುವೆ ಬಂದ ಹೆಸರು ತೆಗೆ, ಊರು ತೆಗೆ, ವಯಸ್ಸು ತೆಗೆ, ಸಂಜೆ ಕಾಲೇಜಿನಲ್ಲಿ ಕಲಿಸಿದ ಹಾಗೆ ಪಟ್ಟಿ ಮುಂದಿಟ್ಟುಕೊಂಡು ಒಂದೊಂದನ್ನೂ ಎರಡೆರಡು ಸಲ ನೋಡುವವನು, ಆದರೆ ಪಟ್ಟಿಯಲ್ಲಿ ಮನೆಮಾತು ಎಂಬುದೇ ಇಲ್ಲ, ಮುಂದೆ ಓದಬಾರದು, ಓದಿಯೇ ಬಿಟ್ಟ — ಅಮ್ಮ ಕಣ್ಣು ಒಣಗಿಸ್ಕೋತಿದ್ಲು, ನಂಗೆ ಸಾಕಾಗಿತ್ತು, ನೀರಿನ ಲೋಟ ಒಂದು ಗೇಣು ಆಚೆ ಇಟ್ಟೆ, ಕೈಗೆ ಸಿಗದ ಹಾಗೆ, ಬೇಕಂತ್ಲೇ.

ಒಂದು ಗೇಣು. ಒಂಬತ್ತು ವರ್ಷ ಅಕ್ಕ ನೋಡಿಕೊಂಡಳು, ಅವನೂ ಅಣ್ಣನೂ ಭಾನುವಾರದ ನೆಂಟರು, ಒಂದು ಭಾನುವಾರ ಅಮ್ಮ ಅವನ ಕೈಯಿಂದ ನೀರನ್ನು ಗಟಗಟ ಕುಡಿದಳು, ಏನಮ್ಮಾ ಮರುಭೂಮಿ ದಾಟಿ ಬಂದೋಳ ಹಾಗೆ, ಎಂದು ಅವನು ನಕ್ಕ, ಇನ್ನೊಂದ್ ಲೋಟ ಕೊಡೋ ಎಂದಿತು ಅಡುಗೆಮನೆಯಿಂದ ಅಕ್ಕನ ದನಿ, ಅದು ಲೋಟ ಆಚೆ ಇಟ್ಟ ದಿನವೋ ಬೇರೆ ದಿನವೋ, ಈಗ ಅವನಿಗೆ ಅಕ್ಕನ ಮೇಲೆ ಸಿಟ್ಟೋ, ತನ್ನ ಮೇಲೆ ನಾಚಿಕೆಯೋ, ತಿಳಿಯದು. ಎಲ್ಲರಂತೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದಾಳೆ, ಹೆಸರಿಲ್ಲದೆ ಯಾರಿಗಾದರೂ ತೋರಿಸಬಹುದು ಎನ್ನುವ ಚೌಕದಲ್ಲೂ ಗುರುತು ಹಾಕಿದ್ದಾಳೆ, ಆ ಯಾರಿಗಾದರೂ ಎಂಬುದರಲ್ಲಿ ಅಣ್ಣನೂ ಇದ್ದಾನೆಂದು ಹೊಳೆದಿತ್ತೇ ಅವಳಿಗೆ — ಅಣ್ಣನಿಗೆ ಡಂಗುರ ಹೊಡೆದವನು ತಾನೇ, ಅಣ್ಣಾ, ಲೇಖನದ ಕೊನೇಲಿ ನಂಗೂ ಕೃತಜ್ಞತೆ ಹೇಳಿದ್ದಾರೆ, ಭೇಷ್ ಕಣೋ, ದೊಡ್ಡ ಮನುಷ್ಯ ಆಗ್ಬಿಟ್ಟೆ, ಲಿಂಕ್ ಕಳ್ಸು, ಒಂದಕ್ಷರ ಬಿಡಲ್ಲ ನಾನು, ಬಿಡುವುದಿಲ್ಲ, ಪೊಟ್ಟಣದ ಕಾಗದವನ್ನೂ ಬಿಡಿಸಿ ಓದುವ ಪ್ರಾಣಿ, ಓದಿದರೆ ಆ ಎರಡು ಪದ ಸಾಕು, ಅಕ್ಕನ ಮುಖ ಮತ್ತೆ ನೋಡುವುದಿಲ್ಲ. ನಿದ್ದೆ ಎಂದು ಬದಲಿಸಿದರೆ, ಆದರೆ ಅದು ಅಕ್ಕ ಆಡಿದ ಮಾತಲ್ಲ, ಇವತ್ತು ನಿದ್ದೆ ಎಂದು ತಿದ್ದಿದ ಕೈ ನಾಳೆ ಲೋಟವನ್ನೂ ಎತ್ತಿ ಹತ್ತಿರ ಇಡುತ್ತದೆ, ಎಲ್ಲೋ ಒಬ್ಬಳು ಅಕ್ಕನ ಮಾತನ್ನು ಇದ್ದಂತೆಯೇ ಓದಿ ನಾನೊಬ್ಬಳೇ ಅಲ್ಲ ಎಂದುಕೊಳ್ಳಬಹುದು, ಅದಕ್ಕೇ ಅಲ್ಲವೇ ಇದೆಲ್ಲ — ಮೇಡಂಗೆ ಹೇಳಿದರೆ ಅಕ್ಕನ ಗುಟ್ಟು ರಟ್ಟು ಮಾಡಿದವನು ತಾನೇ, ಅಕ್ಕನನ್ನೇ ಕೇಳಿದರೆ ತಾನು ಓದಿದ್ದು ಅವಳಿಗೆ ತಿಳಿಯುತ್ತದೆ, ಅತ್ತ ದರಿ ಇತ್ತ ಪುಲಿ ಎನ್ನುತ್ತಾರೆ, ಅವನಿಗೆ ದರಿ ಯಾವುದು ಪುಲಿ ಯಾವುದು ಎಂಬುದೇ ಗೊತ್ತಾಗುತ್ತಿಲ್ಲ, ಏನ್ರೀ, ಏರಿಸಿದ್ರಾ, ಬಾಗಿಲಲ್ಲಿ ಮೇಡಂ, ನಲವತ್ತೊಂದು ಸದ್ಯಕ್ಕೆ ಬೇಡ ಮೇಡಂ, ಅವರನ್ನ ಇನ್ನೊಂದ್ ಸಲ ಕೇಳ್ಬೇಕು, ಸಹಿ ಇದೆಯಲ್ರೀ, ಇದೆ ಮೇಡಂ, ಆದ್ರೂ, ಯಾಕ್ರೀ, ಯಾರು ಅಂತ ಗೊತ್ತಾ ನಿಮ್ಗೆ — ಗೊತ್ತು ಎಂದರೆ ತಪ್ಪು, ಇಲ್ಲ ಎಂದರೆ ಸುಳ್ಳು, ಕಣ್ಣೆದುರು ಲೋಟ ಮಾತ್ರ, ತುಂಬಿದ ಲೋಟ, ಒಂದು ಗೇಣು ಆಚೆ