ಟ್ಯಾಂಕಿನ ಹಿಂದಿನ ಕೆಂಪು ದೀಪ

ಬೇಸಿಗೆ ಆಗಷ್ಟೇ ಕಾಲಿಡುತ್ತಿತ್ತು. ಮಧ್ಯಾಹ್ನದ ಊಟ ಮುಗಿದು, ಪಾತ್ರೆ ತೊಳೆದು ಕೈ ಒರೆಸಿಕೊಳ್ಳುವ ಹೊತ್ತಿಗೆ ಮೇಲಿನ ಕೋಣೆಯಿಂದ ನನ್ನ ತಮ್ಮ ಕೂಗಿದ.

"ಅಕ್ಕಾ, ದೀಪ ಕಾಣ್ತಿಲ್ಲ. ಬಾ ಇಲ್ಲಿ."

"ಬಲ್ಬು ಹೋಗಿರುತ್ತೆ ಕಣೋ."

"ಹೋಗಿಲ್ಲ. ಉರೀತಿದೆ. ಉರೀತಿದ್ರೂ ಕಾಣ್ತಿಲ್ಲ."

ಮೆಟ್ಟಿಲು ಹತ್ತಿದೆ. ಕೋಣೆಯ ತುಂಬ ಅವನ ಆಟದ ರೈಲು. ಎರಡು ಮಂಚದಗಲದ ಹಲಗೆಯ ಮೇಲೆ ಹಳಿ, ಗೋಣಿಚೀಲಕ್ಕೆ ಪ್ಲಾಸ್ಟರ್ ಮೆತ್ತಿದ ಗುಡ್ಡ, ಅದರೊಳಗೆ ಸುರಂಗ, ಆಚೆಗೊಂದು ಸ್ಟೇಷನ್ನು. ಸ್ಪಂಜಿಗೆ ಹಸಿರು ಬಳಿದ ಮರಗಳು ನನ್ನ ಕೈಕೆಲಸ. ತಮ್ಮ ತಾನು ರೈಲ್ವೆಯಲ್ಲಿ ಇಂಜಿನ್ ಓಡಿಸುತ್ತಿದ್ದ ಕಾಲದ ಸ್ಟೇಷನ್ನನ್ನೇ ನೆನಪಿನಿಂದ ಕಟ್ಟಿದ್ದ. ಸುರಂಗದಲ್ಲಿ ಬೋಗಿ ಹಳಿ ತಪ್ಪಿದರೆ ಬಗ್ಗಿ ನೋಡಲು ಅವನ ಮೊಣಕಾಲು ಬಿಡುತ್ತಿರಲಿಲ್ಲ. ಅದಕ್ಕೇ, ಫೋನ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವ ಅವನ ಮಗಳು ಅಂಗಿ ಗುಂಡಿಯಷ್ಟು ಪುಟ್ಟ ಕ್ಯಾಮರಾಗಳನ್ನು ತಂದು, ಹಲಗೆಯ ಕೆಳಗಿನ ವೈರುಗಳಿಗೊಂದು, ಸುರಂಗದೊಳಗೆ ಅದರ ಬಾಯಿಯತ್ತ ಮುಖ ಮಾಡಿ ಇನ್ನೊಂದು, ಹಿಂದಿನ ದಿನವಷ್ಟೇ ಅಂಟಿಸಿದ್ದಳು. ಚಿತ್ರ ಹಳೆಯ ಟಿವಿಯಲ್ಲಿ ಬರುತ್ತಿತ್ತು.

ಟಿವಿ ನೋಡಿದೆ. ಸುರಂಗದ ಬಾಯಿ, ಹಳಿಯ ತಿರುವು, ಆಮೇಲೆ ಬೂಟ್ ಪಾಲಿಶ್ ಡಬ್ಬಿಯಿಂದ ಮಾಡಿದ ನೀರಿನ ಟ್ಯಾಂಕು. ಹಲಗೆಯ ಮೇಲಿಂದ ನೋಡಿದರೆ, ಟ್ಯಾಂಕಿನ ಹಿಂದಿನ ಸಿಗ್ನಲ್ ಕಂಬದ ಕೆಂಪು ದೀಪ ಚೆನ್ನಾಗಿಯೇ ಉರಿಯುತ್ತಿದೆ. ಟಿವಿಯಲ್ಲಿ ಮಾತ್ರ ಟ್ಯಾಂಕಿನ ಹೊಟ್ಟೆ ಬಿಟ್ಟರೆ ಏನೂ ಇಲ್ಲ.

"ಡ್ರೈವರ್ ಕಣ್ಣಿನ ಎತ್ತರ ಅಕ್ಕಾ ಅದು," ಎಂದು ತಮ್ಮ ಕುರ್ಚಿಯಲ್ಲಿ ಕುಸಿದ.

ಅವನಿಗೆ ಜನ ಇಟ್ಟ ಹೆಸರು ತೂಕಡಿಕೆ. ಇಂಜಿನ್ ಓಡಿಸುತ್ತಿದ್ದ ಕಾಲದಲ್ಲೊಮ್ಮೆ, ನಿಜವಾದ ಆ ಸುರಂಗ ದಾಟಿ, ಕೆಂಪು ದೀಪ ಮೀರಿ, ನಿಂತಿದ್ದ ಗೂಡ್ಸ್ ಗಾಡಿಗೆ ಗುದ್ದಿದ್ದ. ಇಂಜಿನ್ನಿನಲ್ಲಿ ಜೊತೆಗಿದ್ದ ಸಹಾಯಕ ಸತ್ತ. ದೀಪ ಕಾಣಲಿಲ್ಲ ಅಂದ ತಮ್ಮ. ಅಲ್ಲಿ ಸ್ಟೇಷನ್ ಮಾಸ್ತರಾಗಿದ್ದವರು ನನ್ನ ಯಜಮಾನರು. ಸುರಂಗದ ಬಾಯಿಂದಲೇ ದೀಪ ನಿಚ್ಚಳವಾಗಿ ಕಾಣುತ್ತದೆ ಎಂದು ವಿಚಾರಣೆಯಲ್ಲಿ ಹೇಳಿದವರು ಅವರೇ. ಅಲ್ಲಿನ ನೀರಿನ ಟ್ಯಾಂಕನ್ನು ಮುಂದೆ ನಿಂತು ಹಾಕಿಸಿದವರೂ ಅವರೇ. ಆ ಟ್ಯಾಂಕು ಎದ್ದ ಮೇಲೆ ತಮ್ಮನಿಗೆ ಅಲ್ಲಿ ಕೆಂಪು ದೀಪ ಬಿದ್ದದ್ದು ಅಂದೇ ಮೊದಲು. ವಿಚಾರಣೆಯವರು ಬರುವಷ್ಟರಲ್ಲಿ, ಸೋರುತ್ತದೆ ಎಂದು ಟ್ಯಾಂಕು ಕಳಚಿಸಿಯೂ ಆಗಿತ್ತು.

ತಮ್ಮನ ಕೆಲಸ ಹೋಯಿತು. ಹೋಗಲಿ. ಎದುರಿನ ದೀಪ ಕಾಣಲಿಲ್ಲವೆಂದರೆ ತಾನು ತೂಕಡಿಸಿರಲೇಬೇಕು ಎಂದು ಅವನೇ ನಂಬಿಬಿಟ್ಟ. ಅಂದಿನಿಂದ ನಾಲ್ಕು ಜನರ ಎದುರು ಕುರ್ಚಿಯಲ್ಲಿ ಕಣ್ಣು ಮುಚ್ಚಿದವನಲ್ಲ, ಮುದುಕನಾದ ಮೇಲೂ.

ಟ್ಯಾಂಕಿನ ಡಬ್ಬಿಯನ್ನು ಹಲಗೆಯ ಮೇಲೆ ಎಲ್ಲಿ ಅಂಟಿಸಬೇಕೆಂದು ಅವನಿಗೆ ಹೇಳಿದವಳು ನಾನು. ಯಜಮಾನರಿಗೆ ಬುತ್ತಿ ಒಯ್ದು ಆ ಸಿಗ್ನಲ್ ಕಂಬದ ಬುಡದಲ್ಲಿ ಕೂತಾಗ, ಟ್ಯಾಂಕಿನ ನೀರು ನನ್ನ ಕಾಲ್ಬೆರಳ ಮೇಲೆ ತೊಟ್ಟಿಕ್ಕುತ್ತಿತ್ತು. ಅಷ್ಟು ಹತ್ತಿರ. ಸುರಂಗದೊಳಗಿಂದ ಅದು ಹೇಗೆ ಕಾಣುತ್ತದೆಂದು ನನಗೇನು ಗೊತ್ತು?

ಯಜಮಾನರನ್ನು ತಮ್ಮ ಮೇಲಕ್ಕೆ ಕರೆದ. ಅವರು ಟಿವಿಯನ್ನೇ ನೋಡುತ್ತ ನಿಂತು, ಆಮೇಲೆ ತಲೆಯಾಡಿಸಿದರು.

"ಟ್ಯಾಂಕು ಅಲ್ಲಿರಲಿಲ್ಲ ಕಣಯ್ಯಾ, ಇನ್ನೂ ಆಚೆ ಇತ್ತು. ನಿನ್ನಕ್ಕಂಗೆ ಈಗೀಗ ಮರೆವು. ಮೊನ್ನೆ ಒಲೆ ಮೇಲೆ ಹಾಲಿಟ್ಟು ಮರೆತ್ಲು."

"ನೀವು ಕನ್ನಡಕ ಹುಡುಕಿಕೊಡು ಅಂತ ಕರೆದಿದ್ದಕ್ಕೆ ಹಾಲು ಉಕ್ಕಿದ್ದು. ಕನ್ನಡಕ ನಿಮ್ಮ ತಲೆ ಮೇಲೇ ಇತ್ತು."

"ನೋಡ್ದ್ಯಾ, ಅದನ್ನ ಮಾತ್ರ ಮರೆತಿಲ್ಲ!" ಎಂದು ನಕ್ಕರು. ತಮ್ಮನೂ ನಕ್ಕ. ಭಾವ ನಕ್ಕರೆ ನಗುವುದು ಅವನಿಗೆ ರೂಢಿಯಾಗಿತ್ತು.

ಮರುದಿನ ತಮ್ಮನ ಮೊಣಕಾಲು ತೋರಿಸಲು ನಾವಿಬ್ಬರೇ ಆಸ್ಪತ್ರೆಗೆ ಹೋಗಿ ಬಂದೆವು. ಟಿವಿ ಹಾಕಿದರೆ ದೀಪ ಕಾಣುತ್ತಿದೆ! ಕೆಂಪಗೆ, ಕಣ್ಣಿಗೆ ಹೊಡೆಯುವ ಹಾಗೆ.

ತಮ್ಮನ ಮುಖ ಬಿಳಿಚಿತು. "ನಿನ್ನೆ ನನ್ನ ಕಣ್ಣೇ ಸರಿಯಿರಲಿಲ್ಲ ಅನ್ಸುತ್ತೆ ಅಕ್ಕಾ. ಹಾಗಿದ್ರೆ ಅವತ್ತೂ..."

ಬಾಗಿಲಲ್ಲಿದ್ದ ಯಜಮಾನರು ಬಂದು ಅವನ ಬೆನ್ನು ತಟ್ಟಿದರು. "ವಯಸ್ಸಾಯ್ತು, ಬಿಡು."

ನಾನು ಟ್ಯಾಂಕಿನ ಪಕ್ಕ ಬೆರಳಾಡಿಸಿದೆ. ಡಬ್ಬಿ ಮೊದಲಿದ್ದ ಜಾಗದಲ್ಲಿ ಒಣಗಿದ ಅಂಟು ಬೆರಳಿಗೆ ಒರಟಾಗಿ ತಾಗಿತು. ಸಂಜೆ ತಮ್ಮನ ಮಗಳು ಅಂಗಡಿಯಿಂದ ಬರುವವರೆಗೂ ಕಾದೆ.

"ಟಿವಿ ಆರಿಸಿದ್ರೂ ಕ್ಯಾಮರಾ ನೋಡ್ತಾನೇ ಇರುತ್ತೆ ಅತ್ತೆ. ನೋಡಿದ್ದೆಲ್ಲ ಒಳಗೇ ಉಳ್ಕೊಂಡಿರುತ್ತೆ," ಅಂದಳು ಅವಳು.

ಯಜಮಾನರಿಗೆ ಇದು ಗೊತ್ತಿರಲಿಲ್ಲ. ಟಿವಿ ಆರಿದರೆ ಅದರ ಕಣ್ಣೂ ಮುಚ್ಚುತ್ತದೆ ಎಂದುಕೊಂಡಿದ್ದರು.

ಎಲ್ಲರನ್ನೂ ಕೂರಿಸಿ, ಕ್ಯಾಮರಾ ನೋಡಿದ್ದನ್ನು ಟಿವಿಯಲ್ಲಿ ಹಾಕಿಸಿದೆ. ಸುರಂಗದ ಬಾಯಲ್ಲಿ ರಾಕ್ಷಸನದೊಂದು ಕೈ ಬಂತು. ನನ್ನ ಅಡುಗೆಮನೆಯ ಚಾಕುವಿನಿಂದ ಡಬ್ಬಿಯನ್ನು ಎಬ್ಬಿಸಿ, ಆಚೆಗೆ ಒತ್ತಿ ಕೂರಿಸಿತು. ಬಿಳಿ ಅಂಗಿಯ ತೋಳಿನ ಗುಂಡಿಗೆ ಕಪ್ಪು ದಾರ. ಬಿಳಿ ದಾರ ಮುಗಿದಿತ್ತೆಂದು ಹಾಗೆ ಹೊಲಿದವಳು ನಾನೇ. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ, ಇವರಾಗೇ ಹೆಗಲು ಮುಟ್ಟಿ ನೋಡಿಕೊಂಡಿದ್ದರು.

"ಆಟದ ಸಾಮಾನು ಸರಿಸಿದ್ದಕ್ಕೆ ಇಷ್ಟು ರಾದ್ಧಾಂತಾನಾ?" ಅಂದರು.

"ಆಟದ ಸಾಮಾನಾದ್ರೆ ಯಾಕೆ ಸರಿಸಿದ್ರಿ?"

"ಅವತ್ತು ನನ್ನ ಕೆಲಸಾನೂ ಹೋಗ್ತಿತ್ತು ಕಣೇ. ಆ ಪಾಪಕ್ಕೇ ಅಲ್ವಾ ಇವನನ್ನ ಮನೇಲಿಟ್ಟು ಸಾಕಿದ್ದು?"

"ಯಾರ ಮನೇಲಿ?"

ಮನೆಯನ್ನು ನನ್ನ ಅಮ್ಮ ನನಗೆ ಬರೆದುಕೊಟ್ಟದ್ದು. ಬಂದವರೆಲ್ಲ ಇವರ ದೊಡ್ಡ ಮನಸ್ಸನ್ನು ಹೊಗಳುವಾಗ ಒಮ್ಮೆಯೂ ಆ ಮಾತೆತ್ತಿದವಳಲ್ಲ. ಅಂದು ಎತ್ತಿದೆ.

"ಅವತ್ತು ಹೆದರಿದ್ರಿ, ಸರಿ. ಇವತ್ತು ಯಾರಿಗೆ ಹೆದರಿದ್ರಿ? ಇವನೊಂದು ಸಲ ನೆಮ್ಮದಿಯಾಗಿ ಕಣ್ಣು ಮುಚ್ಚೋದೂ ನಿಮಗೆ ಬೇಡವಾಯ್ತಾ? ನನಗೆ ಮರೆವು ಅಂದ್ರಲ್ಲ, ಯಾವ ಬಾಯಲ್ಲಿ ಅಂದ್ರಿ?"

ತಮ್ಮ ನನ್ನ ಕೈ ಹಿಡಿದು ಸುಮ್ಮನಾಗಿಸಿದ. "ಭಾವ, ಒಂದೇ ಮಾತು ಹೇಳಿ. ದೀಪ ಕಾಣ್ತಿರಲಿಲ್ಲ ತಾನೇ?"

ಯಜಮಾನರು ತೋಳಿನ ಗುಂಡಿ ತಿರುವುತ್ತ ನಿಂತರು. ಕೊನೆಗೆ, "ಕಾಣ್ತಿರಲಿಲ್ಲ," ಅಂದರು.

ತಮ್ಮ ಬೈಯಲಿಲ್ಲ. ಡಬ್ಬಿಯನ್ನು ಕಿತ್ತು ಹಳೆಯ ಜಾಗದಲ್ಲಿಟ್ಟು, ಅಂಟು ಒಣಗುವವರೆಗೂ ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದ. ಕ್ಷಮಿಸಿದನೋ ಏನೋ, ನಾನು ಕೇಳಲಿಲ್ಲ. ನಾನಂತೂ ಕ್ಷಮಿಸಿಲ್ಲ. ಮನೆ ಬಿಟ್ಟು ಹೊರಡಿ ಅಂದೆ.

ಹೊರಡುವ ದಿನ ಯಜಮಾನರು, "ನನ್ನ ಬಟ್ಟೆ ಜೋಡಿಸಿಲ್ವಾ?" ಎಂದು ಕೇಳಿದರು.

"ಬೀರುವಿನಲ್ಲಿವೆ. ತಗೊಳ್ಳಿ. ಮಾತಾಡೋದಾದ್ರೆ ಮೆಲ್ಲಗೆ ಮಾತಾಡಿ."

ನಡುಮನೆಯ ಕುರ್ಚಿಯಲ್ಲಿ, ಹಾಡುಹಗಲೇ, ನಮ್ಮೆಲ್ಲರ ಎದುರಿಗೆ ನನ್ನ ತಮ್ಮ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ. ಯಜಮಾನರು ಅವನನ್ನು ದಾಟಿಕೊಂಡೇ ಬಾಗಿಲಿಗೆ ನಡೆಯಬೇಕಾಯಿತು. ಅವರು ಅಣ್ಣನ ಮನೆಗೆ ಹೋದದ್ದು ಶುಕ್ರವಾರ.