ನೀರು ಕುಡಿಯಲು ಬರುತ್ತಿದ್ದವರು

ಸೀರೆಯ ಒಂದು ತುದಿಯನ್ನು ಗದ್ದಕ್ಕೆ ಒತ್ತಿ ಹಿಡಿದು, ಇನ್ನೊಂದನ್ನು ಕೈಯುದ್ದ ಚಾಚಿ, ಮಾದೇವಿ ಅಂಚಿಗೆ ಅಂಚು ಕೂಡಿಸುತ್ತಿದ್ದಳು. ಹೊರಗೆ ಗಾದಿಯ ಮೇಲೆ ಬಿಡಿಸಿ ತೋರಿಸಿ, ಗಿರಾಕಿಗಳು ಬೇಡವೆಂದ ಸೀರೆಗಳೆಲ್ಲ ಒಳಕೋಣೆಗೆ ಬರುತ್ತವೆ. ಅವನ್ನು ಮೊದಲಿನ ಮಡಿಕೆಗೇ ಮಡಚುವುದು ಮೂವತ್ತೆರಡು ವರ್ಷಗಳಿಂದ ಅವಳ ಕೆಲಸ. ಹಳೆಯ ಗೆರೆ ತಪ್ಪಿದರೆ ಹೊಸ ಸೀರೆಯೂ ಉಟ್ಟು ಬಿಟ್ಟದ್ದರಂತೆ ಕಾಣುತ್ತದೆ.

ಅಂಗಡಿಗೂ ಒಳಕೋಣೆಗೂ ನಡುವೆ ಒಂದು ಪರದೆ. ಅದರ ಸಂದಿಯಿಂದ ಗಾದಿ ಪೂರ್ತಿ ಕಾಣುತ್ತಿತ್ತು. ಇವತ್ತು ಬಸ್ತಾ. ಮದುವೆಯ ಬಟ್ಟೆ ತೆಗೆಯಲು ಎರಡೂ ಕಡೆಯ ಬೀಗರು ಬನಹಟ್ಟಿಗೆ ಬಂದಿದ್ದರು. ಗಂಡಿನ ತಾಯಿ ಅನ್ನವ್ವ ಚಿಕ್ಕಪಡಸಲಗಿಯವಳು. ಎರಡು ಹೆಣ್ಣುಮಕ್ಕಳ ಬಸ್ತಾವನ್ನೂ ಇದೇ ಅಂಗಡಿಯಲ್ಲಿ ಮಾಡಿದವಳು. ನಡುಗಾದಿಯಲ್ಲಿ ಕೂತು, ಮೊಬೈಲಿನಲ್ಲಿ ಮಗನಿಗೆ ಸೀರೆ ತೋರಿಸುತ್ತ, ಅವನ ಉತ್ತರ ಕೇಳುವ ಮೊದಲೇ ಮುಂದಿನದಕ್ಕೆ ಕೈ ಮಾಡುತ್ತಿದ್ದಳು. ಮಾದೇವಿಯ ಮಗ ಗೌರೀಶ ಜರಿಯ ಸೀರೆಗಳನ್ನೇ ಇಳಿಸುತ್ತಿದ್ದ. ಮುಧೋಳದ ಹುಡುಗಿ ರಾಧಿಕಾ, ಮದುಮಗಳು, ಗಾದಿಯ ತುದಿಯಲ್ಲಿ ಎಲ್ಲದಕ್ಕೂ ತಲೆಯಾಡಿಸುತ್ತಿದ್ದಳು.

ಅವಳ ಎಡಗೈ ಮಾತ್ರ ಬೇರೆ ಕೆಲಸದಲ್ಲಿತ್ತು. ಬೇಡವೆಂದು ಬದಿಗೆ ಸರಿಸಿದ ರಾಶಿಯಲ್ಲಿ ಉಳ್ಳಾಗಡ್ಡಿ ಸಿಪ್ಪೆಯ ಬಣ್ಣದ ಒಂದು ಸೀರೆ ಇತ್ತು. ಆ ಕೈ ಅದರ ಅಂಚನ್ನು ಬೆರಳ ನಡುವೆ ಉಜ್ಜುತ್ತಿತ್ತು, ಬಿಡುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಮೂರನೆಯ ಸಲ ಹೋದಾಗ ಮಾದೇವಿ ಅಭ್ಯಾಸಬಲದಿಂದ ತಾಮ್ರದ ತಂಬಿಗೆಯ ಕಡೆ ನೋಡಿದಳು. ಬೆಳಿಗ್ಗೆ ತುಂಬಿಟ್ಟ ನೀರು ಹಾಗೇ ಇತ್ತು. ನೀರಿಗೆ ಬರುವವರು ಹೋಗಿ ಹನ್ನೊಂದು ತಿಂಗಳಾಗಿತ್ತು.

ಅವಳದೂ ಇದೇ ಅಂಗಡಿಯಲ್ಲಿ ಬಸ್ತಾ ಆಗಿತ್ತು. ಬೀಳಗಿಯಿಂದ ಇಪ್ಪತ್ತು ಜನ ಬಂದು, ಮಾವನ ಕಾಲದ ಈ ಗಾದಿಯ ಮೇಲೆ ಕೂತು, ಅವಳಿಗೆ ದಾಳಿಂಬೆ ಬಣ್ಣ ಒಪ್ಪಿಸಿ ಹೋಗಿದ್ದರು. ಮದುವೆಯಾಗಿ ಮೂರು ತಿಂಗಳಿಗೆ, ಯಾವುದೋ ನಗೆಮಾತಿನ ನಡುವೆ, ತಾನು ಕೈಯಾಡಿಸಿದ್ದು ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಎಂದು ಗಂಡನಿಗೆ ಹೇಳಿಬಿಟ್ಟಿದ್ದಳು. ಮದುವೆಯಲ್ಲಿ ಕಪ್ಪು ಯಾರೂ ತೆಗೆಯುವುದಿಲ್ಲ. ಅಂದಾನೆಪ್ಪ ನಗಲಿಲ್ಲ. ಸಂಕ್ರಾಂತಿಗೆ ಚಂದ್ರಕಾಳಿ ಮನೆಗೆ ಬಂತು. ಅದರ ಜೊತೆಗೆ ಒಂದು ಮಾತೂ ಬಂತು.

"ಕೈ ನೋಡಿದ್ರ ತಿಳಿತೈತೇನು? ಹಂಗಾರ ನೀ ಒಳಗ ಕುಂತು ನೋಡು. ನಾ ನೀರ ಕುಡಿಯಾಕ ಬರತೇನಿ."

ಅಂದಿನಿಂದ ಪ್ರತಿ ಬಸ್ತಾಕ್ಕೂ ಅವನು ಒಳಗೆ ಬಂದು ತಂಬಿಗೆ ಎತ್ತುತ್ತಿದ್ದ. ಅವಳು ಮಡಿಕೆ ಹಾಕುತ್ತಲೇ ಒಂದು ಬಣ್ಣದ ಹೆಸರು ಹೇಳುತ್ತಿದ್ದಳು. ಅವನು ಬಾಯಿ ಒರೆಸಿಕೊಂಡು ಹೊರಗೆ ಹೋಗಿ, ಅದೇ ಸೀರೆಯನ್ನು ಈಗ ತಾನೇ ಕಣ್ಣಿಗೆ ಬಿದ್ದಂತೆ ಎಳೆದು ಹುಡುಗಿಯ ಹೆಗಲಿಗೆ ಹಾಕಿಸುತ್ತಿದ್ದ. ಹುಡುಗಿಯ ಮುಖ ಅರಳಿದ್ದನ್ನು ಕಂಡು ಹಿರಿಯರೂ ಒಪ್ಪುತ್ತಿದ್ದರು. ಅಂದಾನೆಪ್ಪನಿಗೆ ಸಕ್ಕರೆ ಕಾಯಿಲೆ ಇದೆ, ಅದಕ್ಕೇ ಅಷ್ಟು ನೀರು ಕುಡಿಯುತ್ತಾನೆ ಎಂದು ಸರೀಕರು ಚೇಷ್ಟೆ ಮಾಡುತ್ತಿದ್ದರು. ಅವನೂ ಹೌದೆನ್ನುತ್ತಿದ್ದ, ಮರುಕ್ಷಣ ಅವರೆದುರೇ ಜಿಲೇಬಿ ತರಿಸಿ ತಿನ್ನುತ್ತಿದ್ದ. ಎರಡು ತುಂಡು ಕಾಗದದಲ್ಲಿ ಸುತ್ತಿ ಒಳಗೆ ಬರುತ್ತಿದ್ದವು.

ಅವನು ಹೋದ ದಿನ ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು. ಹಗಲಿಡೀ ಖಟಖಟ ಅನ್ನುವ ಓಣಿಯಲ್ಲಿ ಅಂದು ಗುಬ್ಬಿಯ ದನಿ ಕೇಳಿಸಿತ್ತು. ನೇಕಾರರ ಹೆಂಡಂದಿರು ಬಂದು, ತಮ್ಮ ತಮ್ಮ ಮದುವೆಯ ಸೀರೆಯ ಬಣ್ಣ ಹೇಳಿಕೊಂಡು ಅತ್ತರು. ಅಷ್ಟೂ ಬಣ್ಣಗಳು ಮಾದೇವಿಗೆ ನೆನಪಿದ್ದವು.

ಮುಂದಿನ ತಿಂಗಳು ಮೊದಲ ವರ್ಷದ ಪುಣ್ಯಸ್ಮರಣೆ. ಗೌರೀಶ ಹಂಚಲು ಒಂದು ಹಾಳೆ ಬರೆಸಿದ್ದ. ಫೋಟೊದ ಕೆಳಗೆ 'ಹೆಣ್ಣುಮಕ್ಕಳ ಮನಸ್ಸನ್ನು ಅರಿತವರು' ಎಂದಿತ್ತು. ಏನಾದರೂ ತಿದ್ದುವುದಿದ್ದರೆ ಹೇಳು ಎಂದು ನಿನ್ನೆ ಕೊಟ್ಟಿದ್ದ. ಅದು ಅವಳ ಮಗ್ಗುಲಲ್ಲೇ, ಗುಂಡುಸೂಜಿಯ ಡಬ್ಬಿಯ ಅಡಿಯಲ್ಲಿತ್ತು.

ಹೊರಗೆ ಅನ್ನವ್ವ ನೇರಳೆ ಬಣ್ಣದ ಜರಿ ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಇನ್ನು ಅದೇ ನಿಕ್ಕಿಯಾಗುತ್ತದೆ ಎಂದು ಮಾದೇವಿಗೆ ತಿಳಿಯಿತು.

"ಗೌರೀಶಾ, ಒಂದೀಟು ನೀರು ಕುಡಿ ಬಾರೋ."

"ಬಾಟ್ಲಿ ಇಲ್ಲೇ ಐತಿ ಬೇ."

ಅಂಗಡಿಯ ಹಳೆಯ ಆಳು ಲಗಮಣ್ಣ ಸೀರೆ ಎತ್ತುತ್ತಿದ್ದವನು ಪರದೆಯ ಕಡೆ ಒಮ್ಮೆ ತಿರುಗಿ ನೋಡಿ, ಮತ್ತೆ ಸೀರೆಗೆ ಕೈ ಹಾಕಿದ.

ಬಸ್ತಾ ಇದ್ದಾಗ ಹೊರಗೆ ಬರಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬಾ ಎಂದೂ ಹೇಳಿರಲಿಲ್ಲ. ಎಲ್ಲ ಮುಗಿದ ಮೇಲೆ ಮದುಮಗಳಿಗೆ ಕುಂಕುಮ ಹಚ್ಚಲು ಈಗ ಮನೆಯಿಂದ ಸೊಸೆ ಅಕ್ಷತಾ ಬರುತ್ತಾಳೆ. ಆ ಬದಲಾವಣೆಯನ್ನೂ ಯಾರೂ ಮಾತಾಡಿ ಮಾಡಿದ್ದಲ್ಲ.

"ಅಂದಾನೆಪ್ಪ ಇದ್ದಿದ್ರ ಇಷ್ಟೊತ್ತು ಹಿಡೀತಿದ್ದಿಲ್ಲ ತಗೀರಿ," ಅನ್ನವ್ವ ಬೀಗತಿಗೆ ಹೇಳುತ್ತಿದ್ದಳು. "ಹುಡುಗಿ ಮಾರಿ ನೋಡೇ ಹೇಳತಿದ್ದ ಅಂವ. ನಮ್ಮ ಮನಿ ಗಂಡಸರಿಗೆ ಹೆಂಡ್ತಿ ಸೀರಿ ಉಟ್ಟದ್ದೂ ಕಾಣಂಗಿಲ್ಲ."

ಎಲ್ಲರೂ ನಕ್ಕರು. ರಾಧಿಕಾ ಕೂಡ ನಕ್ಕಳು. ಕೈ ಸೀರೆಯಿಂದ ಹಿಂದಕ್ಕೆ ಬಂದು ಮಡಿಲಲ್ಲಿ ಕೂತಿತು, ಮತ್ತೆ ಹೋಗಲಿಲ್ಲ.

ಮಾದೇವಿ ಮಡಚುತ್ತಿದ್ದ ಸೀರೆಯನ್ನು ಅರ್ಧಕ್ಕೇ ಬಿಟ್ಟಳು. ತಟ್ಟೆಯಲ್ಲಿ ಬೆಲ್ಲ ಇಟ್ಟು, ತಂಬಿಗೆ ಹಿಡಿದು ಪರದೆ ಸರಿಸಿದಳು. ಗೌರೀಶ ಎದ್ದು ನಿಲ್ಲುವವನಂತೆ ಮಾಡಿ ಕೂತ. ಅವಳು ನೇರ ಗಾದಿಯ ತುದಿಗೆ ಹೋಗಿ ಮದುಮಗಳ ಮುಂದೆ ತಟ್ಟೆ ಇಟ್ಟಳು. ಬಿಸಿಲಲ್ಲಿ ಬಂದವಳು, ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿ ಎಂದಳು. ಆಮೇಲೆ ಅಲ್ಲೇ ಕೂತಳು.

"ಲಗಮಣ್ಣಾ, ಆ ಉಳ್ಳಾಗಡ್ಡಿ ಬಣ್ಣದ್ದು ಪೂರಾ ಬಿಡಸು. ಅರಿವಿ ಹೆಗಲಿಗಿ ಹಾಕಿ ನೋಡಬೇಕು, ಗಂಟಿನಾಗಲ್ಲ."

ಲಗಮಣ್ಣ ಕಾಯುತ್ತಿದ್ದವನಂತೆ ಅದನ್ನು ಎಳೆದು ಹರವಿದ. ಸೆರಗು ರಾಧಿಕಾಳ ಹೆಗಲಿಗೆ ಬಂತು. ಅವಳು ಕನ್ನಡಿ ನೋಡಲಿಲ್ಲ. ತಲೆ ತಗ್ಗಿಸಿ, ಸೆರಗನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಅನ್ನವ್ವ ಮೊಬೈಲು ಕೆಳಗಿಟ್ಟು ಸ್ವಲ್ಪ ಹೊತ್ತು ನೋಡಿದಳು. ತೊಡೆಯ ಮೇಲಿದ್ದ ನೇರಳೆ ಸೀರೆಯನ್ನು ತಾನೇ ಬದಿಗಿಟ್ಟಳು.

"ಗಂಡನ ಗುಣ ನಿಮಗೂ ಬಂದೈತಿ ನೋಡ್ರಿ, ಮಾದೇವಕ್ಕಾ."

"ಹೂಂ ರೀ," ಎಂದಳು ಮಾದೇವಿ. "ಅವರ ಕಡಿಂದನ ಬಂದದ್ದು."

ಬೀಗರು ಹೋದ ಮೇಲೆ ಗೌರೀಶ ಒಳಕೋಣೆಗೆ ಬಂದ. ಏನೋ ಕೇಳಬೇಕೆಂದು ಬಂದವನು, ಹಾಳೆ ಓದಿದೆಯಾ ಎಂದಷ್ಟೇ ಕೇಳಿದ. ಅವಳು ಡಬ್ಬಿಯ ಅಡಿಯಿಂದ ಹಾಳೆ ತೆಗೆದು, ಫೋಟೊದ ಕೆಳಗಿನ ಸಾಲಿನ ಮೇಲೆ ಒಮ್ಮೆ ಬೆರಳಾಡಿಸಿ, ಛಲೋ ಆಗಿದೆ, ಹಾಗೇ ಅಚ್ಚು ಹಾಕಿಸು ಎಂದು ಕೊಟ್ಟಳು.

ಅವನು ಹೋದ ಮೇಲೆ ಸ್ಟೂಲು ಹತ್ತಿ ಪರದೆಯನ್ನು ಕೊಂಡಿಯಿಂದ ಬಿಡಿಸಿದಳು. ಒಳಗೆ ಕೂತವರ ಕಣ್ಣಿನ ಎತ್ತರದಲ್ಲಿ, ಬೆರಳು ತಾಗಿ ತಾಗಿ ಬಟ್ಟೆ ಅಲ್ಲಿ ತೆಳ್ಳಗಾಗಿತ್ತು. ಯಾಕೆ ತೆಗೆದಿರೆಂದು ಲಗಮಣ್ಣ ಹೊರಗಿನಿಂದ ಕೇಳಿದ. ಧೂಳಾಗಿದೆ ಎಂದಳು.

ಒಂದು ತುದಿಯನ್ನು ಗದ್ದಕ್ಕೆ ಒತ್ತಿ, ಅಂಚಿಗೆ ಅಂಚು ಕೂಡಿಸಿ, ಅದನ್ನು ಸೀರೆಯ ಹಾಗೆ ಮಡಚಿ ಕಪಾಟಿನ ತಳಕ್ಕೆ ಇಟ್ಟಳು. ಆಮೇಲೆ ತಂಬಿಗೆ ಎತ್ತಿಕೊಂಡು ಖಾಲಿ ಗಾದಿಯ ಹತ್ತಿರ ಹೋದಳು. ಬಾಗಿಲಿನ ಬೆಳಕು ಎಡತುದಿಗೆ ಹೆಚ್ಚು ಬೀಳುತ್ತಿತ್ತು. ಅಲ್ಲಿಂದ ಕೂತವರ ಕೈಗಳು ಚೆನ್ನಾಗಿ ಕಾಣುತ್ತವೆ. ತಂಬಿಗೆಯನ್ನು ಅಲ್ಲಿಟ್ಟು, ಅರ್ಧಕ್ಕೆ ಬಿಟ್ಟಿದ್ದ ಸೀರೆಯನ್ನು ತರಲು ಒಳಗೆ ಹೋದಳು.