ಹಬ್ಬದ ದಿನ ಓಡಿದ ಮಿಷನ್

ಸೊಸೆ ಹೇಳಿದ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗದ ಮನೆಗಳಿರ್ತಾವೆ. ಗುಬ್ಬಿ ಬಸ್ ಸ್ಟ್ಯಾಂಡ್ ಹತ್ತಿರದ ಫೋಟೋ ಸ್ಟುಡಿಯೋದವರದ್ದು ಅಂಥದೇ ಮನೆ. ಮಾವ ಸದಾಶಿವಯ್ಯ ಗಲ್ಲಾಪೆಟ್ಟಿಗೆ ಮುಂದೆ, ಗಂಡ ಮಲ್ಲಿಕಾರ್ಜುನ್ ಕ್ಯಾಮೆರಾ ಹಿಂದೆ. ಕಂಪ್ಯೂಟರ್ ಮುಂದೆ ಕೂತು ಬೆನ್ನು ಮುರ್ಕೊಳ್ಳೋಳು ಮಾತ್ರ ಕಾವ್ಯ. ಬೋರ್ಡಿನಲ್ಲಿ ‘ಸದಾಶಿವಯ್ಯ ಅಂಡ್ ಸನ್’ ಅಂತಿದೆ. ಇರಲಿ ಬಿಡಿ, ಅವಳು ಬೋರ್ಡಿಗೆ ಆಸೆಪಟ್ಟವಳಲ್ಲ.

ಮಹಾಲಯ ಅಮಾವಾಸ್ಯೆಯ ಮಾರನೇ ದಿನ ಕಡಬದಿಂದ ದೊಡ್ಡಗಂಗಮ್ಮ ಬಂದಳು. ಅವಳ ಮಗಳು ಪುಟ್ಟಗಂಗಮ್ಮ, ಹತ್ತೊಂಬತ್ತರ ಹುಡುಗಿ, ಹೋದ ಕಾರ್ತೀಕದಲ್ಲಿ ಕಾಮಾಲೆಯಾಗಿ ತೀರಿಕೊಂಡಿದ್ದಳು. ಫೋನಿನ ಲಾಕ್ ತೆಗೆಯೋಕೆ ಯಾರಿಗೂ ಬರಲಿಲ್ಲ ಅಂತ ಅಂಗಡಿಗೆ ಕೊಟ್ಟರೆ, ಆ ಪುಣ್ಯಾತ್ಮ ಎಲ್ಲ ಅಳಿಸಿ ಕೈಗಿಟ್ಟಿದ್ದ. ಮನೆಯಲ್ಲಿ ಉಳಿದಿದ್ದು ಆಧಾರ್ ಕಾರ್ಡಿನ ಫೋಟೋ ಒಂದೇ.

“ಅದ್ರಲ್ಲಿ ನನ್ ಕೂಸು ಕಳ್ಳಿ ಥರ ಕಾಣ್ತದೆ ಕಣವ್ವಾ. ರಾಮಾಂಜಿನಯ್ಯನ ಮಗಳ ಮದ್ವೇಲಿ ಆರತಿ ತಟ್ಟೆ ಹಿಡ್ಕೊಂಡು ನಗ್ತಾ ನಿಂತಿದ್ಲು, ನಿಮ್ಮೋರೇ ತೆಗ್ದಿದ್ರು. ಆ ನಗು ಬೇಕು ನಂಗೆ. ವರ್ಷದ ಕಾರ್ಯಕ್ಕೆ ದೊಡ್ಡದು ಮಾಡ್ಕೊಡು.”

ಮದುವೆ ಅಂದರೆ ಸಾವಿರದೈನೂರು ಫೋಟೋ, ಅದರಲ್ಲಿ ಆಲ್ಬಮ್ಮಿಗೆ ಹೋಗೋದು ಇನ್ನೂರು. ಆರತಿ ಹಿಡಿದ ಬಡ ನೆಂಟರ ಹುಡುಗಿಯನ್ನು ಯಾರು ಆರಿಸ್ತಾರೆ? ಉಳಿದವೆಲ್ಲ ಸ್ಟುಡಿಯೋ ಕಂಪ್ಯೂಟರಿನ ಡಿ ಡ್ರೈವಿನಲ್ಲೇ ಇರ್ತಾವೆ. ಕಾವ್ಯ ಎರಡು ದಿನ ಹುಡುಕಿ ಆ ಫೋಟೋ ಹೊರತೆಗೆದಳು. ಅಬ್ಬಾ, ಎಂಥಾ ನಗು! ದೊಡ್ಡದು ಮಾಡೋಣ ಅಂತ ಹೋದರೆ ಜಾಗ ಇಲ್ಲ ಅಂತ ಪ್ರೋಗ್ರಾಮು ನಿಂತೇ ಹೋಯಿತು.

ಕಂಪ್ಯೂಟರಿನ ಡಿಸ್ಕಿನಲ್ಲಿ ಎರಡು ಕೋಣೆ ಇದ್ದ ಹಾಗೆ. ಪ್ರೋಗ್ರಾಮುಗಳಿರೋ ಸಿ ತುಂಬಿ ಉಸಿರುಕಟ್ಟಿತ್ತು, ಡಿಯಲ್ಲಿ ಇನ್ನೂ ಜಾಗ ಇತ್ತು. ನಡುವಿನ ಗೋಡೆ ಸರಿಸಬೇಕು, ಅಷ್ಟೇ. ಅದಕ್ಕೆ ಜಿಪಾರ್ಟೆಡ್ ಅಂತ ಒಂದಿದೆ. ಎಲ್ಲೆಲ್ಲಿಯವರೋ ಸೇರಿ ಬರೆದು, ಒಳಗಿನ ಕೋಡನ್ನೂ ಮುಚ್ಚಿಡದೆ, ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟದ್ದು. ಶೆಟ್ಟಿಹಳ್ಳಿಯ ತವರಿನಲ್ಲಿದ್ದಾಗ ತುಮಕೂರಿನ ಕೋರ್ಸಿನಲ್ಲಿ ಕಾವ್ಯ ಅದನ್ನು ಕಲಿತಿದ್ದಳು.

“ಬಿಟ್ಟಿ ಸಿಗೋದನ್ನ ನಂಬ್ಕೋಬೇಡ ಕಣೇ. ತುಮಕೂರಿನ ಬಟವಾಡೀಲಿರೋ ಕಂಪ್ಯೂಟರ್ ಅಂಗಡಿಗೆ ತಗೊಂಡ್ ಹೋಗ್ತೀನಿ,” ಅಂದ ಮಲ್ಲಿಕಾರ್ಜುನ್. ಹೋದನಾ? ಅವನು ಹೋಗೋನಾ!

“ಹೋಗ್ಲಿ, ಬ್ಯಾಕಪ್ ಡಿಸ್ಕಾದ್ರೂ ತಂದ್ಕೊಡ್ರೀ. ಕಾಪಿ ಇಲ್ದೆ ಇದನ್ನ ಮುಟ್ಬಾರ್ದು,” ಅಂದಳು. ಆ ಡಿಸ್ಕನ್ನು ಅವನು ಸಿನಿಮಾ ತುಂಬಿಸಿಕೊಳ್ಳೋಕೆ ಕುಣಿಗಲ್‌ನ ಸ್ನೇಹಿತ ಭೀಮರಾಜನಿಗೆ ಕೊಟ್ಟಿದ್ದ. ನಾಳೆ ತರ್ತೀನಿ ಅಂದ. ಐದಾರು ದಿನ ದಿನಾ ಅದೇ ನಾಳೆ.

ಸ್ಟುಡಿಯೋದಲ್ಲಿ ಕೆಲಸವಿಲ್ಲದ ದಿನ ವರ್ಷಕ್ಕೊಂದೇ, ಆಯುಧಪೂಜೆ. ಬೆಳಗ್ಗೆ ಆರಕ್ಕೇ ಹೋಗಿ, ಇದ್ದ ಒಂದೇ ಪೆನ್‌ಡ್ರೈವಿಗೆ ಜಿಪಾರ್ಟೆಡ್ ಹಾಕಿ ಕಂಪ್ಯೂಟರ್ ಎಬ್ಬಿಸಿದಳು. ಬ್ಯಾಕಪ್ ಇಲ್ಲದಿದ್ದರೆ ಕಳ್ಕೋತೀಯ ಅಂತ ಅದು ಎಚ್ಚರಿಸಿತು. ನಿಜ ಹೇಳಬೇಕು, ಅವಳೂ ಅಲ್ಲಿ ದುಡುಕಿದಳು. ಆ ಒಂದು ಫೋಟೋವನ್ನಾದರೂ ಫೋನಿಗೆ ಹಾಕ್ಕೊಂಡಿದ್ದರೆ? ಹೊಳೆಯಲೇ ಇಲ್ಲ. ಕರೆಂಟಿಗೆ ಯುಪಿಎಸ್ ಇದೆಯಲ್ಲ ಅನ್ನೋ ಧೈರ್ಯದಲ್ಲಿ ಒತ್ತಿಬಿಟ್ಟಳು.

ಡಿಯಲ್ಲಿದ್ದದ್ದೆಲ್ಲ ಒಂದೊಂದೇ ಆಚೆ ಸರಿಯೋಕೆ ಶುರುವಾಯಿತು. ಒಂಬತ್ತು ಗಂಟೆ ಬೇಕು ಅಂತ ತೋರಿಸಿತು. ‘ಆಫ್ ಮಾಡಬೇಡಿ’ ಅಂತ ದಪ್ಪಕ್ಷರದಲ್ಲಿ ಬರೆದು ಅಂಟಿಸಿದಳು. ಮಾವ ಬಂದಾಗ ಬಾಯಲ್ಲೂ ಹೇಳಿದಳು: “ಮಾವ, ಸಂಜೆವರೆಗೂ ಇದನ್ನ ಮುಟ್ಬೇಡಿ. ಮಧ್ಯದಲ್ಲಿ ನಿಂತ್ರೆ ಫೋಟೋ ಎಲ್ಲಾ ಹೋಗುತ್ತೆ.”

“ಆಯ್ತಮ್ಮ, ನಾನ್ಯಾಕ್ ಮುಟ್ಲಿ?” ಅಂದರು.

ಹೋಳಿಗೆ ತಟ್ಟೋಕೆ ಮನೆಗೆ ಹೋದವಳು ಒಂದು ಗಂಟೆಗೆ ಎಡೆ ಹಿಡ್ಕೊಂಡು ಬಂದಳು. ಬಾಗಿಲಲ್ಲಿ ಬೂದುಗುಂಬಳ ಒಡೆದು ಬಿದ್ದಿತ್ತು. ಒಳಗೆ ಮಾನಿಟರ್ ಕಪ್ಪಗಿತ್ತು. ಸಿಪಿಯು ಡಬ್ಬಕ್ಕೆ ಮೂರು ಬೆರಳ ವಿಭೂತಿ, ಮೇಲೆ ಚೆಂಡುಹೂವಿನ ಹಾರ. ಅಂಟಿಸಿದ್ದ ಚೀಟಿಗೂ ಒಂದು ಕುಂಕುಮ ಇಟ್ಟಿದ್ದರು.

“ಮಾವ, ಇದನ್ನ ಯಾರ್ ಆಫ್ ಮಾಡಿದ್ದು?”

“ನಾನೇ ಕಣಮ್ಮ. ಓಡ್ತಿರೋ ಮಿಷನ್‌ಗೆ ಯಾರಾದ್ರೂ ಪೂಜೆ ಮಾಡ್ತಾರಾ? ಇವತ್ತೊಂದಿನನಾದ್ರೂ ಅದಕ್ಕೆ ರೆಸ್ಟ್ ಬೇಡ್ವಾ? ಈಗ ಮುಗೀತಲ್ಲ, ಹಾಕ್ಕೋ.”

ಎಡೆ ಎಲ್ಲಿಟ್ಟಳೋ ಅವಳಿಗೇ ಗೊತ್ತಿಲ್ಲ. ಅರ್ಧ ಸರಿದು ನಿಂತ ಡಿ ಡ್ರೈವು ಹಳೇ ಜಾಗದಲ್ಲೂ ಇಲ್ಲ, ಹೊಸ ಜಾಗದಲ್ಲೂ ಇಲ್ಲ. ಹನ್ನೊಂದು ವರ್ಷದ ಮದುವೆ, ನಾಮಕರಣದ ಫೋಟೋ ಎಲ್ಲ ಮಣ್ಣುಪಾಲು. ಸಂಜೆಯೊಳಗೆ ಮನೆಯಲ್ಲಿ ತೀರ್ಮಾನವೂ ಆಗಿಹೋಯಿತು. “ಬಿಟ್ಟಿದು ಹಾಕಿ ಹಾಳ್ಮಾಡಿದ್ಲು,” ಅಂದ ಗಂಡ. “ಜಾಸ್ತಿ ಕಲ್ತೋರ ಹಣೆಬರಹವೇ ಇಷ್ಟು,” ಅಂದರು ಅತ್ತೆ ಕಲ್ಲಮ್ಮ. ಬಟನ್ ಒತ್ತಿದ ಬೆರಳಿನ ಮಾತು ಯಾರೂ ಎತ್ತಲಿಲ್ಲ. ಮಾವನಂತೂ ಮಜ್ಜಿಗೆ ಅನ್ನ ಕಲಸಿಕೊಂಡು ಉಂಡೆದ್ದರು.

ಹೋದ ಫೋಟೋಗಳನ್ನು ಹೆಕ್ಕಿಕೊಡೋ ಫೋಟೋರೆಕ್ ಅನ್ನೋದೂ ಇದೆ. ಅದೂ ಬಿಟ್ಟಿಯದ್ದೇ! ಎರವಲು ತಂದ ಡಿಸ್ಕಿಗೆ ಫೋಟೋ ಬೀಳೋ ಹಾಗೆ ಕಾವ್ಯ ಅದನ್ನು ಮೂರು ದಿನ ಓಡಿಸಿದಳು. ಹೆಸರಿಲ್ಲದ ಸಾವಿರಾರು ಫೋಟೋ ಬಂದವು, ಎಷ್ಟೋ ಅರ್ಧಕ್ಕೇ ಬೂದು ಬಣ್ಣ. ಕಣ್ಣು ಕೆಂಪಾಗೋವರೆಗೂ ಒಂದೊಂದೇ ತೆರೆದು ನೋಡಿದಳು. ಐದನೇ ದಿನ ಸಿಕ್ಕಿತು. ಚಪ್ಪರದ ಹೂವು, ಮುಡಿದ ಮಲ್ಲಿಗೆ, ಹಣೆ, ಎರಡು ಕಣ್ಣು. ಮೂಗಿನಿಂದ ಕೆಳಗೆ ಬೂದು.

“ಇನ್ಯಾರದ್ದಾದ್ರೂ ಬಾಯಿ ಕತ್ತರಿಸಿ ಅಂಟಿಸೇ, ಆ ಯಮ್ಮಂಗೇನ್ ಗೊತ್ತಾಗುತ್ತೆ?” ಅಂದ ಮಲ್ಲಿಕಾರ್ಜುನ್.

“ಹೆತ್ತೋಳಿಗೆ ಗೊತ್ತಾಗಲ್ವೇನ್ರೀ? ನಿಮಗೆ ನಾಚಿಕೆ ಆಗಲ್ವಾ?” ಅಂದಳು. ಮದುವೆಯಾದ ಮೇಲೆ ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು.

ದೊಡ್ಡಗಂಗಮ್ಮ ಬಂದು ಮಾನಿಟರ್ ಮುಂದೆ ಕೂತಳು. ಕಣ್ಣು ನೋಡಿ ಅವಳ ಮುಖ ಅರಳಿತು. ಸೆರಗಿನ ತುದಿಯಿಂದ ಗಾಜಿನ ಮೇಲಿನ ಬೂದು ಒರೆಸೋಕೆ ಹೋದಳು.

“ಇಲ್ಲಿ ಧೂಳು ಕೂತದೆ ಕಣವ್ವಾ.”

“ಧೂಳಲ್ಲಮ್ಮ,” ಅಂದು ಕಾವ್ಯ ಇದ್ದದ್ದು ಇದ್ದ ಹಾಗೆ ಹೇಳಿದಳು. “ನಿಮ್ಮ ಫೋಟೋ ದೊಡ್ಡದ್ ಮಾಡೋಕೆ ಅಂತಾನೇ ಹಬ್ಬದ ದಿನ ಮಿಷನ್ ಹಚ್ಚಿದ್ದೆ. ಕಾಪಿ ಮಾಡ್ದೆ ಹಚ್ಚಿದ್ದು ನನ್ನ ತಪ್ಪು. ಮುಟ್ಬೇಡಿ ಅಂತ ಹೇಳಿದ್ರೂ ಪೂಜೆಗೆ ಅಂತ ಆಫ್ ಮಾಡಿದ್ದು ನಮ್ಮ ಮಾವ.”

ಸದಾಶಿವಯ್ಯ ಗಲ್ಲಾದ ಮೇಲಿನ ರಸೀದಿ ಪುಸ್ತಕ ತಿರುವಿ ಹಾಕುತ್ತಿದ್ದರು. ದೊಡ್ಡಗಂಗಮ್ಮ ಅವರ ಕಡೆ ನೋಡಿದಳು, ಹಾರ ಒಣಗಿದ್ದ ಡಬ್ಬದ ಕಡೆ ನೋಡಿದಳು, ಕೊನೆಗೆ ಕಾವ್ಯಳ ಕಡೆ ತಿರುಗಿದಳು.

“ಅಯ್ನೋರ್ದೇನ್ ತಪ್ಪು ಬುಡವ್ವಾ. ಆಯುಧಪೂಜೆ ದಿನ ಮಿಷನ್ ಓಡಿಸ್ತಾರಾ ಯಾರಾದ್ರೂ? ನನ್ ಕೂಸಿನ ಕೆಲ್ಸಾನೇ ಸಿಕ್ತಾ ನಿಂಗೆ, ಹಬ್ಬದ ದಿನ ಮುಟ್ಟೋಕೆ?”

“ನಾನೂ ಅದನ್ನೇ ಬಡ್ಕೊಂಡಿದ್ದು,” ಅಂದರು ಮಾವ, ಪುಸ್ತಕದಿಂದ ತಲೆ ಎತ್ತದೆ.

ದೊಡ್ಡಗಂಗಮ್ಮ ಬ್ಲೌಸಿನೊಳಗಿನ ಪರ್ಸ್ ತೆಗೆದು ಆಧಾರ್ ಕಾರ್ಡ್ ಮೇಜಿನ ಮೇಲಿಟ್ಟಳು. “ಇದನ್ನೇ ದೊಡ್ಡದ್ ಮಾಡು,” ಅಂದಳು. ಕಾವ್ಯ ಕಾರ್ಡನ್ನು ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಹಾಕಿ ಮುಚ್ಚಳ ಮುಚ್ಚಿದಳು.